ಭಾವನವರ ಅಲುಗಾಡದ ಸಮುದ್ರ

ನಮ್ಮ ಭಾವನವರಿಗೆ ಸಮುದ್ರ ಅಂದರೆ ಪ್ರಾಣ. ಅದು ಅಲುಗಾಡುವುದನ್ನು ಮಾತ್ರ ಅವರು ಸಹಿಸುವುದಿಲ್ಲ! ಅಲೆ ಬಂಡೆಗೆ ಬಡಿಯುವುದನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ ತಾನೆ? ಇವರು ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಟ್ಟು, ಬಂದುಹೋದ ಅಲೆಗಳೆಲ್ಲ ಒಂದರೊಳಗೊಂದು ಕಲೆತು ಬಂಡೆಗಳ ಸುತ್ತ ಹಾಲಿನ ಕೆನೆಯಂತೆ ಕಾಣುವವರೆಗೆ ಕಾಯುತ್ತಾರೆ. ಇಂಥವರು ಹುಟ್ಟಿದ್ದು ಕಲಬುರ್ಗಿಯಲ್ಲಿ, ನೌಕರಿ ಹೈದರಾಬಾದಿನ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ, ಮನೆ ಮೆಹದಿಪಟ್ಟಣಂನಲ್ಲಿ. ಆ ಊರಿನಲ್ಲಿ ಬಂಡೆಗಳಿಗೇನು ಬರವಿಲ್ಲ. ಸಮುದ್ರವನ್ನು ಎಲ್ಲಿಂದ ತರುವುದು?

ಬಟ್ಟೆ ನೆನೆಸುವ ಟಬ್ಬಿನಿಂದ! ನಾನೂ ಆಗ ಹೊಸದಾಗಿ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ಭಾನುವಾರ ಟಬ್ಬಿನಲ್ಲಿ ಕಲ್ಲಿಟ್ಟು ನೀರು ತುಂಬಿ, ತಾಟಿನಿಂದ ಅಲೆ ಎಬ್ಬಿಸುವುದು ನನ್ನ ಪಾಲಿನ ಕೆಲಸ. ಭಾವ ಅಭ್ಯಾಸ ಮಾಡುವಷ್ಟು ಹೊತ್ತು ಮನೆಯಲ್ಲಿ ಯಾರೂ ಓಡಾಡುವಂತಿರಲಿಲ್ಲ, ನೆಲ ಅದುರುತ್ತದಂತೆ. ಅಕ್ಕ ಕುಕ್ಕರ್ ಕೂಡ ಇಡುವಂತಿರಲಿಲ್ಲ!

ಹಗಲಿನಲ್ಲಿ ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರವೆಲ್ಲ ಬೆಳ್ಳಗಾಗಿಬಿಡುತ್ತದೆ, ಕ್ಯಾಮೆರಾದ ಮುಂದೆ ಕಪ್ಪು ಗಾಜು ಬೇಕು. ಭಾವ ವೆಲ್ಡಿಂಗ್ ಮಾಡುವವರ ಗಾಜನ್ನೇ ತಂದು ರಬ್ಬರ್ ಬ್ಯಾಂಡ್ ಸುತ್ತಿ ಕೂರಿಸಿದರು. ಅಲ್ಲಿಗೆ ಸಮುದ್ರವೆಲ್ಲ ಮೆಹಂದಿ ಕಲಸಿದ ನೀರಾಯಿತು! ಆ ಹಸಿರನ್ನು ತೆಗೆಯಲು ವಾರವಿಡೀ ಕಂಪ್ಯೂಟರಿನ ಮುಂದೆ ತಪಸ್ಸು.

ಇಷ್ಟಾದರೆ ನಗಬಹುದಿತ್ತು. ಆದರೆ ಒಮ್ಮೆ ವಿಶಾಖಪಟ್ಟಣದಿಂದ ಮೊಣಕಾಲು ಒಡೆದುಕೊಂಡು ಬಂದರು. ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿದ್ದರು. ಅಕ್ಕ ಬಾಗಿಲಲ್ಲೇ ಗಾಬರಿಯಾಗಿ ನಿಂತರೆ ಇವರು, "ಕ್ಯಾಮೆರಾಕ್ಕ ಏನೂ ಆಗಿಲ್ಲ, ಹೆದರಬ್ಯಾಡ" ಅಂದರು! ಅಂದಿನಿಂದ ಇವರು ಸಿಕಂದರಾಬಾದಿನಲ್ಲಿ ರೈಲು ಹತ್ತಿದರೆ ಸಾಕು, ಮರಳಿ ಬರುವವರೆಗೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಬಂಡೆ ಹತ್ತಬೇಡಿ ಎಂದು ಎಷ್ಟು ಹೇಳಿದರೂ ಕೇಳುವ ಪೈಕಿಯಲ್ಲ. ಕೊನೆಗೆ ನನ್ನನ್ನೂ ಕರೆದುಕೊಂಡು ತಾನೇ ಜೊತೆಗೆ ಹೊರಟಳು.

ವಿಶಾಖಪಟ್ಟಣದ ದಂಡೆಯಲ್ಲಿ ಭಾವ ನೀರಿನ ನಡುವಿನ ಬಂಡೆಗೆ ಹೋಗಿ, ಸಮುದ್ರಕ್ಕೆ ಬೆನ್ನು ಮಾಡಿ, ಸ್ಟ್ಯಾಂಡಿನ ಮೇಲಿಟ್ಟ ಕ್ಯಾಮೆರಾವನ್ನು ದಂಡೆಯ ಕಲ್ಲುಗಳ ಕಡೆ ತಿರುಗಿಸಿದರು. ಗುಂಡಿ ಒತ್ತಿದ ಮೇಲೆ ಮುಗಿಯಿತಲ್ಲ, ಮನುಷ್ಯ ಕದಲುವುದುಂಟೇ? ಹಿಂದಿನಿಂದ ಒಂದಕ್ಕಿಂತ ಒಂದು ದೊಡ್ಡ ಅಲೆ ಬಂದು ನೀರು ಏರುತ್ತಿತ್ತು. ಪಾದ ಮುಳುಗಿತು, ಮೊಣಕಾಲಿಗೆ ಬಂತು. ನಾನು ದಂಡೆಯುದ್ದಕ್ಕೂ ಓಡಾಡುತ್ತ ಕಂಡಕಂಡವರನ್ನು ತೆಲುಗಿನಲ್ಲಿ, ಹಿಂದಿಯಲ್ಲಿ ಕೂಗಿ ಕರೆದೆ. ಅಕ್ಕ ಕಲ್ಲುಗಳ ನಡುವೆ ನಿಂತು ಅವರನ್ನೇ ನೋಡುತ್ತಿದ್ದಳು. ಕೊನೆಗೆ ಭಾವ ಸೊಂಟದ ತನಕ ನೆನೆದು, ನಗುತ್ತಲೇ ಬಂದರು. ನನಗೆ ಅವರನ್ನು ಅಲ್ಲೇ ಮುಳುಗಿಸುವಷ್ಟು ಸಿಟ್ಟು ಬಂದಿತ್ತು.

ಮನೆಗೆ ಬಂದು ಚಿತ್ರದ ಹಸಿರು ತೆಗೆದರು. ಚೆನ್ನಾಗಿಯೇ ಬಂದಿತ್ತು. ಬಂಡೆಗಳ ನಡುವೆ ಕಡ್ಡಿಯಂಥದ್ದೊಂದು ಕಪ್ಪಗೆ ಉಳಿದಿತ್ತು, ಅಷ್ಟೇ. ಅಳಿಸಲೆಂದು ದೊಡ್ಡದು ಮಾಡಿದರು. ಅದು ಅಕ್ಕ! ದಂಡೆಯ ಮೇಲಿದ್ದ ಜನರೆಲ್ಲ ಅಲುಗಾಡಿ ಅಲುಗಾಡಿ ಹೊಗೆಯಾಗಿ ಹೋಗಿದ್ದರು. ಅಷ್ಟು ಓಡಿದ ನಾನಂತೂ ಎಲ್ಲೂ ಇರಲಿಲ್ಲ. ಅವಳ ಸೆರಗಿನ ತುದಿ ಗಾಳಿಗೆ ಮಸುಕಾಗಿತ್ತು. ಉಳಿದಂತೆ ಪಕ್ಕದ ಕಲ್ಲಿನಷ್ಟೇ ಸ್ಪಷ್ಟವಾಗಿ ನಿಂತಿದ್ದಳು.

ಭಾವನ ಕೈ ಮೌಸಿನ ಮೇಲೇ ನಿಂತಿತು. "ಅಷ್ಟೂ ಹೊತ್ತು ಉಸಿರು ಸೈತ ಬಿಟ್ಟಿಲ್ಲ ನೋಡು, ಆಕಿ" ಅಂದರು.

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. "ಇನ್ನ ಮ್ಯಾಲೆ ಕಲ್ಲಿನ ಮ್ಯಾಲೆ ಹೋಗಂಗಿಲ್ಲ. ದಂಡಿ ಮ್ಯಾಲೆ ನಿನ್ನ ಬಾಜೂಕ ನಿಂತು ತೆಗೀತೀನಿ."

ಅಕ್ಕ ತಿರುಗಿ ನೋಡಲಿಲ್ಲ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. ಆದರೆ ಅಳುತ್ತಿದ್ದಳು.