ಎಲ್ಲಾ ಐತ್ರಿ ಮಾವಾರ!

"ಆರು ತಿಂಗಳದಾಗ ಜಪಾನಿನವರೇ ನನ್ನ ಜಪಾನಿ ಕೇಳಿ ತಲಿ ತೂಗಬೇಕು!" ಎಂದು ಸಮೀರವಾಡಿಯ ಶಶಿಕಾಂತ ಪಣ ತೊಟ್ಟ. ಜಪಾನಿನಲ್ಲಿ ನೌಕರಿ ಸಿಕ್ಕೀತೆಂಬ ಆಸೆ. ಆದರೆ ಹೆಂಡತಿ ರೇಷ್ಮಾಳನ್ನು ಅಷ್ಟು ದೂರ ಕಳಿಸಲು ಮಾವ ಅಮಸಿದ್ದಪ್ಪ ಒಪ್ಪಬೇಕಲ್ಲ! ಅಳಿಯನ ಯೋಗ್ಯತೆ ನೋಡಲು ಅವರು ಅಂದೇ ಹಿಪ್ಪರಗಿಯಿಂದ ಹೊರಟಿದ್ದರು.

ಮೊಬೈಲಿನಲ್ಲಿ ಆ ದಿನದ ಪಾಠ: ವಸ್ತು ಇದ್ದರೆ 'ಅರಿಮಸು', ಜೀವ ಇದ್ದರೆ 'ಇಮಸು'. ಶಶಿಕಾಂತ ಮನೆಯೊಳಗೇ ದಿಗ್ವಿಜಯಕ್ಕೆ ಹೊರಟ. "ಹಂಡೆ ಅರಿಮಸು! ಬೀಸುಕಲ್ಲು ಅರಿಮಸು! ಅವ್ವ ಇಮಸು!"

"ಅದೇನಲೇ ಮಂತ್ರಾ?" ಎಂದಳು ತಾಯಿ ಹಣಮವ್ವ.

"ಐತಿ ಅಂತ ಅರ್ಥ ಬೇ. ಇಲ್ಲ ಅನ್ನೂದು ನಾಳಿ ಪಾಠದಾಗ ಬರತೈತಿ."

"ನಾಳಿನೂ ಬ್ಯಾಡ! ಮನ್ಯಾಗ ಇಲ್ಲ ಅನ್ನಬಾರದು. ಮುಗದ್ರ ಹೆಚ್ಚಾತು ಅನ್ನಬೇಕು."

ಹಣಮವ್ವನ ಮನೆಯಲ್ಲಿ ಉಪ್ಪು, ಎಣ್ಣೆ ಎಂದೂ ಮುಗಿದದ್ದಿಲ್ಲ, ಹೆಚ್ಚಾಗಿದ್ದವು, ಅಷ್ಟೇ!

ಅಡುಗೆಮನೆಯಿಂದ ರೇಷ್ಮಾ ಕೂಗಿದಳು, "ರೀ, ಸಕ್ಕರಿ..."

"ಅರಿಮಸು!"

"ಮೊದಲ ಡಬ್ಬಿ ನೋಡ್ರಿ!"

"ಡಬ್ಬಿ ಅರಿಮಸು!"

ಅಷ್ಟರಲ್ಲಿ ಬನಹಟ್ಟಿ ಪೇಟೆಯಿಂದ ಮಾವನ ಫೋನು. "ಅಳಿಯಾರ, ಅಂಗಡಿ ಮುಂದ ನಿಂತೇನಿ. ಒಂದು ಪೆಂಟಿ ಬೆಲ್ಲ ತರಲೇನ್ರಿ? ಸಕ್ಕರಿ?"

ರೇಷ್ಮಾ ಖಾಲಿ ಡಬ್ಬಿಯನ್ನು ಡಬಡಬ ಬಡಿದಳು. ತನ್ನ ವಿದ್ಯೆಗೆ ತಾಳ ಹಾಕುತ್ತಿದ್ದಾಳೆಂದು ಉಬ್ಬಿಹೋದ ಶಶಿಕಾಂತ! "ಏನೂ ಬ್ಯಾಡ, ಎಲ್ಲಾ ಐತ್ರಿ ಮಾವಾರ! ಅರಿಮಸು!"

ಮಾವ ಬಂದರು. ಚಹಾ ಬಂತು. ಒಂದೇ ಗುಟುಕಿಗೆ ಮಾವನ ಮೀಸೆ ನೆಟ್ಟಗಾಯಿತು.

"ಸುತ್ತೆಲ್ಲಾ ಕಬ್ಬು, ಊರಾಗ ಸಕ್ಕರಿ ಫ್ಯಾಕ್ಟರಿ. ಕಪ್ಪಿನಾಗ ಬೇವಿನ ಕಷಾಯ! ಏನ್ರಿ ಇದು?"

"ಜಪಾನದಾಗ ಹಿಂಗ ಕುಡಿತಾರ್ರಿ..." ಶಶಿಕಾಂತ ತಡವರಿಸಿದ.

"ಸುಳ್ಳಪಾ! ಸಕ್ಕರಿ ಮುಂಜಾನಿಂದ ಹೆಚ್ಚಾಗಿ ಕುಂತೈತಿ!" ಎಂದಳು ರೇಷ್ಮಾ.

ಅಮಸಿದ್ದಪ್ಪ ಕಪ್ಪು ಕೆಳಗಿಟ್ಟರು. "ತನ್ನ ಮನಿ ಡಬ್ಬ್ಯಾಗ ಏನೈತಿ ಅಂತ ನೋಡದಾಂವ ನನ್ನ ಮಗಳನ್ನ ಸಮುದ್ರ ದಾಟಸ್ತಾನಂತ! ಮೊದಲ ಈ ಓಣಿ ದಾಟಿ ಅಂಗಡಿಗೆ ಹೋಗಿ ಬರ್ರಿ. ಜಪಾನ ಆಮ್ಯಾಲ ನೋಡೂಣು."

ಶಶಿಕಾಂತ ಚೀಲ ಹಿಡಿದು ಹೊಸ್ತಿಲಿಗೆ ಬಂದ. ಅಲ್ಲಿ ಹಣಮವ್ವ. "ಎಲ್ಲಿಗಲೇ ಹೊಂಟಿ?"

"ಸಕ್ಕರಿ ಇಲ್..."

ತಾಯಿ ಕಣ್ಣು ಬಿಟ್ಟಳು. ಮಗ ನಾಲಿಗೆ ಕಚ್ಚಿಕೊಂಡ. "ಸಕ್ಕರಿ ಹೆಚ್ಚಾಗೇತಿ ಬೇ, ತರಾಕ ಹೊಂಟೇನಿ!"

ಒಳಗಿನಿಂದ ಮಾವನ ದನಿ ಕೇಳಿತು: "ಅಳಿಯಾರ, ನಿಮ್ಮ ತಲ್ಯಾಗ ಬುದ್ಧಿನೂ ಭಾಳ ಹೆಚ್ಚಾಗೇತಿ. ಅಂಗಡ್ಯಾಗ ಸಿಕ್ಕರ ಅದನ್ನೂ ಒಂದೀಟು ಕಟ್ಟಿಸಿಕೊಂಡು ಬರ್ರಿ!"