ನಮ್ಮ ಖೋ ಖೋ ಕಾಕಾ

ನಮ್ಮ ಕಾಕಾನಿಗೆ ಬೆನ್ನು ಮಾಡಿ ಯಾರೂ ಕೂಡಬಾರದು! ಹೊಡೆಯುತ್ತಾನೆ ಅಂತಲ್ಲ, ಪಾಪ, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಆದರೆ ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಆಟದ ಮಾಸ್ತರನಾಗಿದ್ದ ಅವನು ಹುಡುಗಿಯರಿಗೆ ಖೋ ಖೋ ಕಲಿಸಿ ಕಲಿಸಿ, ಕುಳಿತ ಬೆನ್ನು ಎಲ್ಲೇ ಕಂಡರೂ ಕೈ ತಾನಾಗಿ ತಟ್ಟುತ್ತಿತ್ತು, ಬಾಯಿ ತಾನಾಗಿ "ಖೋ!" ಅನ್ನುತ್ತಿತ್ತು.

ಒಮ್ಮೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೊತೆಗಿದ್ದ ಅವನ ಹೆಂಡತಿ, ನಮ್ಮ ಕಾಕೂಗೆ, ಮೊಣಕಾಲು ನೋವು. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಯಾರೋ ಯಜಮಾನರ ಬೆನ್ನಿಗೆ ಕಾಕಾನ ಕೈ ಬಿತ್ತು. "ಖೋ!" ಅವರು ಬೆಚ್ಚಿ ಎದ್ದು ನಿಂತರು. ಆ ಜಾಗದಲ್ಲಿ ಕಾಕೂ ಕುಳಿತದ್ದೂ ಆಯಿತು.

"ಏನ್ರೀ ಇದು?" ಅಂದರು ಯಜಮಾನರು.

"ಎದ್ದ ಮ್ಯಾಲ ನಿಂದ್ರಬಾರದ್ರಿ, ಓಡಬೇಕು!"

ಕಾಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಬಸ್ಸು ಬರುವ ತನಕ ತೆಗೆಯಲಿಲ್ಲ. ಯಜಮಾನರೇ ನಕ್ಕು, ಗಾಳಿ ಬೀಸಿಕೊಳ್ಳಲಿ ಅಂತ ಅವಳ ಕೈಗೆ ಪೇಪರ್ ಕೊಟ್ಟು ಹೋದರು!

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನೂ ಅವನ ತಂಡದಲ್ಲಿದ್ದೆ. ಅಣ್ಣನ ಮಗಳು ಅಂತ ಸೇರಿಸಿಕೊಂಡ ಅಂದುಕೊಂಡಿರಾ? ಆಡುವುದಕ್ಕೆ ಹುಡುಗಿಯರೇ ಸಾಲುತ್ತಿರಲಿಲ್ಲ! ಮೆಣಸಿನಕಾಯಿ ಸುಗ್ಗಿಯಲ್ಲಿ ಒಮ್ಮೆ ರಾಣೆಬೆನ್ನೂರಿನ ತಂಡ ನಮ್ಮಲ್ಲಿಗೆ ಆಡಲು ಬಂತು. ಮಾರ್ಕೆಟ್ಟಿನ ಕಡೆಯಿಂದ ಘಾಟು ಎದ್ದಿತು ನೋಡಿ, ಪಾಪದ ಹುಡುಗಿಯರು ಸೀನಿದ್ದೇ ಸೀನಿದ್ದು! ನಮಗೋ ಅದು ತೊಟ್ಟಿಲಿನಿಂದ ಕುಡಿದ ಗಾಳಿ. ಇನ್ನೇನು ಗೆದ್ದೆವು ಅನ್ನುವಾಗ ಕಾಕಾ ಸೀಟಿ ಊದಿ ಆಟ ನಿಲ್ಲಿಸಿದ.

"ಕಾಕಾ, ನಾವು ಗೆಲ್ಲಾಕತ್ತಿದ್ವಿ!" ಅಂತ ನಾನು ಕಿರುಚಿದೆ.

"ನೀವಲ್ಲವ್ವ, ಮೆಣಸಿನಕಾಯಿ ಗೆಲ್ಲಾಕತ್ತಿತ್ತು."

ಎಲ್ಲರಿಗೂ ಬೆಲ್ಲದ ನೀರು ಕುಡಿಸಿ, ಗಾಳಿ ತಿರುಗಿದ ಮೇಲೆ ಹೊಸದಾಗಿ ಆಡಿಸಿದ. ಸೋತೆವು, ಇನ್ನೇನು!

ನಮ್ಮಲ್ಲಿ ನಿಜವಾಗಿ ಆಡಲು ಬರುತ್ತಿದ್ದವಳು ಒಂಬತ್ತನೇ ತರಗತಿಯ ಶಾಂತವ್ವ. ಓಡಿದರೆ ನೆರಳೂ ಹಿಂದೆ ಬೀಳಬೇಕು. ಹಾವೇರಿಯಲ್ಲಿ ಜಿಲ್ಲಾ ಪಂದ್ಯ ನಿಗದಿಯಾದಾಗ, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವಳಪ್ಪ ಖಡಾಖಂಡಿತ ಹೇಳಿಬಿಟ್ಟ: "ಬೆಳೆದ ಹುಡುಗಿ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಓಡೂದು ಬ್ಯಾಡ. ಆಟ ಸಾಕು, ಸಾಲೀನೂ ಸಾಕು."

ಶಾಂತವ್ವ ಮೈದಾನಕ್ಕೆ ಬರುವುದು ನಿಂತಿತು. ಕಾಕಾ ಜಗಳಕ್ಕೆ ಹೋದನೇ? ಊಹೂಂ. ಒಂದು ಸೇರು ಜೋಳ ಹಿಡಿದು ಗಿರಣಿಗೆ ಹೋದ. ಬೀಸಿಸಿಕೊಂಡು ಬಂದ. ಮರುದಿನ ಮತ್ತೊಂದು ಸೇರು. ಅದರ ಮರುದಿನ ಮತ್ತೆ! ಮನೆಯ ಡಬ್ಬಿ ತುಂಬಿತು, ಕೊಡ ತುಂಬಿತು. "ಇನ್ನ ನನ್ನ ತಲಿ ಮ್ಯಾಲ ಸುರೀರಿ!" ಅಂದಳು ಕಾಕೂ. ಕೊನೆಗೆ ಗಿರಣಿಯವನೇ ತಡೆಯಲಾರದೆ ಕೇಳಿದ:

"ಮಾಸ್ತರ, ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ?"

"ಇಬ್ಬರ ರೀ."

"ಮತ್ತ ಇಷ್ಟು ಹಿಟ್ಟು ಯಾಕ?"

"ನಿಮ್ಮ ಮಗಳು ಆಡಾಕ ಬರೂತನಕಾ ಬೀಸಸ್ತೇನ್ರಿ. ನನಗೇನು ಅವಸರಿಲ್ಲ."

ಗಿರಣಿಯ ಸದ್ದಿನಲ್ಲೂ ಶಾಂತವ್ವನ ಅಪ್ಪ ನಕ್ಕದ್ದು ಕೇಳಿಸಿತಂತೆ. ಒಂದು ಷರತ್ತು ಹಾಕಿದ: ಮೈತುಂಬ ಚೂಡಿದಾರ ಹಾಕಿಕೊಂಡೇ ಆಡಬೇಕು.

ಕಾಕಾ ಏನು ಮಾಡಿದ ಗೊತ್ತೇ? ನಮ್ಮೆಲ್ಲರಿಗೂ ಚೂಡಿದಾರ ಹಾಕಿಸಿದ! ಶಾಂತವ್ವ ಒಬ್ಬಳೇ ಬೇರೆ ಕಾಣಬಾರದಲ್ಲ! ಹಾವೇರಿಯಲ್ಲಿ ನಮ್ಮನ್ನು ನೋಡಿ ಅಂಪೈರು ಹುಬ್ಬು ಏರಿಸಿದರು.

"ಏನ್ರಿ ಮಾಸ್ತರ, ಮದುವಿ ದಿಬ್ಬಣ ಕರಕೊಂಡು ಬಂದೀರೇನು?"

"ಯೂನಿಫಾರ್ಮ್ ಅಂದ್ರ ಎಲ್ಲಾರದೂ ಒಂದ ಇರಬೇಕ್ರಿ. ನಮ್ಮದು ಒಂದ ಐತಿ!"

ಅಂದು ಶಾಂತವ್ವನನ್ನು ಮುಟ್ಟಲು ಯಾರಿಂದಲೂ ಆಗಲಿಲ್ಲ. ಉಳಿದವರನ್ನು, ಅದರಲ್ಲೂ ನನ್ನನ್ನು, ಧಾರಾಳವಾಗಿ ಮುಟ್ಟಿದರು, ಸೋತೆವು. ಆದರೆ ಗೆರೆಯ ಆಚೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡ ಒಬ್ಬ ಗಂಡಸು "ಹಾರವ್ವಾ, ಹಾರು!" ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಗಿರಣಿ ಮುಚ್ಚಿ ಬಸ್ಸು ಹತ್ತಿ ಬಂದಿದ್ದ! ವಾಪಸಾಗುವಾಗ ಅವನೇ ಕಾಕಾನನ್ನು ಕೇಳಿದ: "ಬರೂ ವರ್ಷ ಎಲ್ಲಿ ಐತ್ರಿ ಪಂದ್ಯ?"

ಶಾಂತವ್ವನ ಸಾಲಿ ನಿಲ್ಲಲಿಲ್ಲ. ಹತ್ತನೇ ತರಗತಿ ಮುಗಿಸಿದಳು, ಪಿಯುಸಿ ಓದಿದಳು, ಆಟದ ಟ್ರೇನಿಂಗ್ ಮುಗಿಸಿ ಗುತ್ತಲದ ಹೈಸ್ಕೂಲೊಂದಕ್ಕೆ ಟೀಚರ್ ಆಗಿ ಸೇರಿದಳು. ಮುಂದೊಂದು ಸಲ ಕಾಕಾನ ತಂಡ ಅಲ್ಲಿಗೆ ಆಡಲು ಹೋಯಿತು. ನೋಡಲು ನಾನೂ ಹೋಗಿದ್ದೆ. ಶಾಂತವ್ವ ಎರಡೂ ತಂಡದ ಹುಡುಗಿಯರನ್ನು ಬೇವಿನ ಮರದ ಕೆಳಗೆ ಕೂಡಿಸಿದಳು. ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ, "ಸರ್, ಆಟಕ್ಕ ಮೊದಲ ಇವರಿಗೆ ಎರಡು ಮಾತು ಹೇಳ್ರಿ," ಅಂದಳು.

ಸತ್ತೆವು ಅಂದುಕೊಂಡೆ. ಕಾಕಾನ ಎರಡು ಮಾತು ಅಂದರೆ ಹೊತ್ತು ಮುಳುಗಬೇಕು!

ಕಾಕಾ ಬಾಯಿ ತೆರೆದ. ಅವಳ ಕೊರಳಲ್ಲಿದ್ದ ಸೀಟಿ ನೋಡಿದ, ಅವಳನ್ನೇ ನೋಡುತ್ತ ಕೂತ ಹುಡುಗಿಯರನ್ನು ನೋಡಿದ. ಬಾಯಿ ಮುಚ್ಚಿದ. "ಏ ಶಾಂತವ್ವಾ" ಅಂತಲೇ ಕರೆದು ರೂಢಿಯಾದವನು ಮೆಲ್ಲಗೆ ಅಂದ:

"ನೀವ ಹೇಳ್ರಿ ಟೀಚರ್. ನಾನೂ ಕೇಳ್ತೇನಿ."

ಆಮೇಲೆ ಹುಡುಗಿಯರ ಹಿಂದೆ ಹೋಗಿ ಮಣ್ಣಿನಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತ.