ರಾಣಿ ಸೇತುವೆ ಸುಟ್ಟದ್ದೇಕೆ, ನಾನು ನಕ್ಷೆ ಹರಿದದ್ದೇಕೆ

ಕಾಗದಕ್ಕೆ ಎಣ್ಣೆ ಸವರಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಕಸೂತಿಯ ನಮೂನೆಯನ್ನು ಒಂದೆಳೆ ತಪ್ಪದೆ ಇನ್ನೊಂದು ಕಡೆಗೆ ಇಳಿಸುವುದರಲ್ಲಿ ತುಮಕೂರಿನ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಾನು ಓದಿದ್ದು ಆರನೆಯ ತರಗತಿ, ಅದೂ ಪೂರ್ತಿಯಲ್ಲ. ಆದರೂ ಕೈಯಲ್ಲೊಂದು ವಿದ್ಯೆಯಿದೆ ಎಂಬ ಧೈರ್ಯವಿತ್ತು. ಆ ಧೈರ್ಯವೇ ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ನನ್ನ ಸ್ವಂತ ತಮ್ಮನ ಮಾನ ತೆಗೆಯಿತು.

ತೊಂಬತ್ತರ ದಶಕದ ಮಾತು. ತಮ್ಮ ನಾಗೇಶ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ. ಹೆಂಡತಿ ಶೈಲಾಳ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡಿದ್ದ. ನನಗಿಂತ ಹದಿಮೂರು ವರ್ಷ ಚಿಕ್ಕವನು. ಮೊದಲೇ ಮಾತು ಕಡಿಮೆ, ಕೆಲಸದ ಕಡೆ ಅವನ ಇಂಗ್ಲಿಷ್ ಕೇಳಿ ಎಲ್ಲರೂ "ವಾಟ್?" ಎನ್ನುತ್ತಿದ್ದುದರಿಂದ ಅದೂ ನಿಂತುಹೋಗಿತ್ತು. ಅವನು ಉತ್ಸಾಹದಿಂದ ಮಾತಾಡುತ್ತಿದ್ದುದು ಒಂದೇ ವಿಷಯ: ಇಟ್ಟಿಗೆಯಷ್ಟು ದಪ್ಪದ ಕತೆಪುಸ್ತಕಗಳು. ಕತ್ತಿ, ಮಾಟ, ಹಾರುವ ಹಾವು, ಭೂಮಿಯ ಮೇಲೆ ಎಲ್ಲೂ ಇಲ್ಲದ ರಾಜ್ಯಗಳು. ಇಂಥವನ್ನು ಓದುವ ಏಳು ಜನ ಅಮೆರಿಕನ್ನರು ತಿಂಗಳಿಗೊಂದು ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರಿ, ಕತೆಯಲ್ಲಿ ಯಾರು ಯಾಕೆ ಹಾಗೆ ಮಾಡಿದರೆಂದು ಚರ್ಚಿಸುತ್ತಿದ್ದರು. ಎರಡು ವರ್ಷ ಮೂಲೆಯಲ್ಲಿ ಕೂತು ಕೇಳಿದ ಮೇಲೆ, ಈ ತಿಂಗಳು ಮಾತಾಡುವ ಸರದಿ ನಾಗೇಶನಿಗೆ ಬಂದಿತ್ತು.

ನಾನು ಸೊಪ್ಪು ಸೋಸುವಾಗ ಅವನು ನನ್ನೆದುರು ಅಭ್ಯಾಸ ಮಾಡುತ್ತಿದ್ದ.

"ಯುದ್ಧದ ಮಧ್ಯೆ ರಾಣಿ ತನ್ನ ಸೇತುವೇನ ತಾನೇ ಸುಡ್ತಾಳೆ ಅಕ್ಕ. ಯಾಕೆ ಅಂತ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ."

"ಒಲೆ ಮೇಲೆ ಏನೋ ಇಟ್ಟು ಮರೆತಿರ್ಬೇಕು."

"ಅಕ್ಕ, ಅದು ಸೇತುವೆ."

"ಹಾಗಾದ್ರೆ ಆ ಕಡೆಯಿಂದ ಅತ್ತೆ ಬರ್ತಿದ್ಳೇನೋ."

"ಜಾಣೆ ರಾಣಿ," ಎಂದಳು ಒಳಗಿನಿಂದ ಶೈಲಾ. ಅವಳ ಅತ್ತೆ ನನ್ನ ತಾಯಿ. ನಾನು ಸೊಪ್ಪು ಸೋಸಿದೆ.

ನಾಗೇಶನ ವಾದ ಬೇರೆಯಿತ್ತು. ಹೊಳೆಯಾಚೆ ಬೆಟ್ಟಗಳ ಸಾಲು, ಅದರಾಚೆ ಒಂದು ಕೋಟೆ, ಕೋಟೆಯೊಳಗೆ ರಾಣಿಯ ತಮ್ಮ. ಶತ್ರುಗಳು ಆ ತಮ್ಮನ ಬಳಿ ಹೋಗದಿರಲೆಂದೇ ರಾಣಿ ಸೇತುವೆ ಸುಟ್ಟಳು. ಆದರೆ ಕತೆಯಲ್ಲಿ ಬೆಟ್ಟ ದಾಟುವ ದಾರಿಯ ಮಾತೇ ಇಲ್ಲದ ಮೇಲೆ ಶತ್ರುಗಳು ಹೋಗುವುದೆಲ್ಲಿಂದ? ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಅದೊಂದೇ ಅವನ ಚಿಂತೆ.

ಶುಕ್ರವಾರ ಮಧ್ಯಾಹ್ನ ಸಭೆಗೆಂದು ನಿಪ್ಪಟ್ಟು ಕರಿಯಲು ಕೂತೆ. ಮೊದಲ ಒಬ್ಬೆ ಎಣ್ಣೆಯಿಂದ ತೆಗೆಯುವಾಗ ನೋಡುತ್ತೇನೆ, ಎಣ್ಣೆ ಹೀರಲು ಹಾಸುವ ಪೇಪರ್ ಟವೆಲ್ ಮುಗಿದಿದೆ. ಶೈಲಾ ಮಗುವಿನ ಪಕ್ಕ ಮಲಗಿದ್ದಳು. ಮೇಜಿನ ಮೇಲೆ ನಾಗೇಶನ ಪುಸ್ತಕವಿತ್ತು, ಯಾರದೋ ಮನೆಯಂಗಳದ ಹಳೆ ಸಾಮಾನಿನ ಮಾರಾಟದಲ್ಲಿ ಕೊಂಡದ್ದು. ಕತೆ ಎಲ್ಲಿಗೆ ಮುಗಿಯುತ್ತದೆಂದು ಅವನೇ ನನಗೆ ತೋರಿಸಿದ್ದ. ಅದರ ಮುಂದೆಯೂ ಐದಾರು ಹಾಳೆಗಳಿದ್ದವು: ಸಾಲುಸಾಲಾಗಿ ಹೆಸರುಗಳು, ಪಕ್ಕದಲ್ಲಿ ಅಂಕಿಗಳು. ನಮ್ಮ ಕನ್ನಡ ಕಾದಂಬರಿಗಳ ಕೊನೆಯಲ್ಲೂ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿ, ಬೆಲೆ ಸಮೇತ, ಇರುತ್ತದೆ. ಇದೂ ಅದೇ ಎಂದು ತೀರ್ಮಾನಿಸಿದೆ. ರಾಜರ ವಂಶಾವಳಿಯೆಂದೂ, ಅಂಕಿಗಳು ಅವರು ಆಳಿದ ವರ್ಷಗಳೆಂದೂ ಆಮೇಲೆ ತಿಳಿಯಿತು. ಕಟ್ಟಕಡೆಯ ಹಾಳೆಯಲ್ಲಿ ಗೆರೆಗಳ ಚಿತ್ರವಿತ್ತು. ಪ್ರಕಾಶಕರ ಅಂಗಡಿಗೆ ಹೋಗುವ ದಾರಿ ಎಂದುಕೊಂಡೆ.

ಸ್ಟೀಲ್ ಸ್ಕೇಲ್ ಇಟ್ಟು ನೀಟಾಗಿ ಹರಿದೆ. ನಿಪ್ಪಟ್ಟು ಗರಿಗರಿಯಾಗಿ ಬಂದವು.

ಸಂಜೆ ನಾಗೇಶ ಬಂದವನೇ, "ಅಕ್ಕ, ನಾಳೆ ಎಲ್ಲರಿಗೂ ಮ್ಯಾಪ್ ಕಾಪಿ ಮಾಡಿ ಕೊಡ್ಬೇಕು. ಪುಸ್ತಕದ ಕೊನೇ ಪೇಜಲ್ಲಿದೆ, ನಾನೂ ಸರಿಯಾಗಿ ನೋಡಿಲ್ಲ. ಡೈಪರ್ ತಂದ್ಬಿಟ್ಟು ಕೂತ್ಕೋತೀನಿ," ಎಂದು ಮತ್ತೆ ಕಾರು ಹತ್ತಿದ.

'ತಪ್ಪಾಯಿತು ಕಣೋ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೈಯಲ್ಲಿ ವಿದ್ಯೆಯಿತ್ತಲ್ಲ! ಕಸದ ಡಬ್ಬಿಯಿಂದ ಆ ಹಾಳೆಯನ್ನು ಎತ್ತಿದೆ. ಎಣ್ಣೆ ಕುಡಿದು ಗಾಜಿನಂತಾಗಿತ್ತು. ನಮೂನೆ ಇಳಿಸಲು ಹೇಳಿ ಮಾಡಿಸಿದ ಹಾಗೆ. ಪಡುವಣ ಕಿಟಕಿಗೆ ಒತ್ತಿ, ಮೇಲೊಂದು ಬಿಳಿ ಹಾಳೆಯಿಟ್ಟು, ಹೊಳೆ, ಬೆಟ್ಟ, ಕೋಟೆ ಎಲ್ಲವನ್ನೂ ತಿದ್ದಿದೆ. ಇಂಗ್ಲಿಷ್ ಅಕ್ಷರಗಳನ್ನೂ ರಂಗೋಲಿಯಂತೆ ಇಳಿಸಿದೆ. ಕೆಲವು ಅಕ್ಷರಗಳು ಮಾತ್ರ ತಿರುಗುಮುರುಗಾಗಿ ಕಾಣುತ್ತಿದ್ದವು. ಮುದ್ರಣ ದೋಷವೆಂದು ಬಿಟ್ಟೆ. ಹಾಳೆಯ ಹಿಂಬದಿಯಲ್ಲಿ ಬೇರೊಂದು ದೇಶದ ನಕ್ಷೆಯಿತ್ತು, ಎಣ್ಣೆಯ ದೆಸೆಯಿಂದ ಅದೂ ಇತ್ತ ಮೂಡಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಎರಡು ದೇಶಗಳನ್ನು ಹೀಗೆ ಅರ್ಧ ಗಂಟೆಯಲ್ಲಿ ಒಂದುಗೂಡಿಸಿದ ಚಕ್ರವರ್ತಿ ಯಾವ ಪುಸ್ತಕದಲ್ಲೂ ಇರಲಾರ.

"ಪುಸ್ತಕದ ಹಾಳೆ ಏನಾಯ್ತು?" ಎಂದ ನಾಗೇಶ.

"ಮಗುವಿಗೆ ಎಣ್ಣೆ ಹಚ್ಚುವಾಗ ಬಟ್ಟಲನ್ನ ಒದ್ದುಬಿಡ್ತು ಕಣೋ. ಹಾಳೆಗಳೆಲ್ಲ ಹಾಳಾದ್ವು. ಅದಕ್ಕೇ ನಾನು ಬರೆದಿಟ್ಟೆ."

ಮೂರು ತಿಂಗಳ ಕೂಸಿನ ಮೇಲೆ ನಾನು ಹೊರಿಸಿದ ಅಪವಾದ ಇದು. ಮಗು ನನ್ನನ್ನು ನೋಡಿ ನಕ್ಕಿತು.

"ಬಾತ್‌ರೂಮಿಂದ ಅಡುಗೆಮನೆ ಮೇಜಿಗೆ ಒದೀತಾ?" ಎಂದಳು ಶೈಲಾ. "ಫುಟ್‌ಬಾಲಿಗೆ ಸೇರಿಸ್ಬೋದು ಹಾಗಾದ್ರೆ."

ನಾಗೇಶನಿಗೆ ಅದು ಕೇಳಿಸಲಿಲ್ಲ. ನಕ್ಷೆಯನ್ನೇ ನೋಡುತ್ತಿದ್ದ. "ಅಕ್ಕ, ಇಲ್ಲೊಂದು ಕಣಿವೆ ದಾರಿ ಇದೆ! ಸೇತುವೆಯಿಂದ ನೆಟ್ಟಗೆ ತಮ್ಮನ ಕೋಟೆಗೇ ಹೋಗತ್ತೆ. ನಾನು ಹೇಳಿದ್ದೇ ಸರಿ." ಅವನ ಮುಖದಲ್ಲಿ ಅಷ್ಟು ಬೆಳಕನ್ನು ಮಗು ಹುಟ್ಟಿದಾಗಲೂ ನೋಡಿರಲಿಲ್ಲ. ಹೆಂಡತಿಯೆದುರು ಹಾಗೆ ಹೇಳಬಾರದೆಂದು ಹೋಗಿ ನಿಪ್ಪಟ್ಟನ್ನು ಡಬ್ಬಿಗೆ ತುಂಬಿದೆ.

ಮರುದಿನ ನಿಪ್ಪಟ್ಟಿನ ಡಬ್ಬಿ ಹಿಡಿದು ನಾನೂ ಹೋದೆ. ನಾಗೇಶ ಎದ್ದು ನಿಂತು ಮಾತಾಡಿದ. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಯಾರೂ "ವಾಟ್?" ಎನ್ನಲಿಲ್ಲ. ನನ್ನನ್ನು ತೋರಿಸಿ ಏನೋ ಹೇಳಿದ. ಶಾಲಾ ಬಸ್ ಓಡಿಸಿ ನಿವೃತ್ತಳಾದ ಡೊರೊತಿ ಎಂಬಾಕೆ ಎದೆಯ ಮೇಲೆ ಕೈಯಿಟ್ಟು ನನ್ನತ್ತ ನೋಡಿದಳು. ಆಮೇಲೆ ನಕ್ಷೆಗಳನ್ನು ಹಂಚಿದ. ಎಲ್ಲರೂ ತಂತಮ್ಮ ಪುಸ್ತಕದ ಕೊನೆಯ ಪುಟ ತಿರುವಿದರು. ನನ್ನ ನಕ್ಷೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡತೊಡಗಿದರು.

ಸಿಕ್ಕಿಬಿದ್ದೆ ಎಂದುಕೊಂಡೆ. ಆದದ್ದು ಅದಕ್ಕಿಂತ ಕೆಟ್ಟದ್ದು. ಗುಂಪಿನ ಪತ್ರಿಕೆ ನೋಡಿಕೊಳ್ಳುವ ಕಾರ್ಲ್ ಕುರ್ಚಿಯಿಂದ ಜಿಗಿದು ನಾಗೇಶನ ಕೈ ಕುಲುಕಿದ.

"ನಂದು ಹಳೇ ಮುದ್ರಣ ಅಲ್ವಾ ಅಕ್ಕ," ನಾಗೇಶ ನನ್ನ ಕಡೆ ಬಾಗಿ ಪಿಸುಗುಟ್ಟಿದ. "ಆಮೇಲಿನ ಮುದ್ರಣದಲ್ಲಿ ಈ ಕಣಿವೇನ ಬೇಕಂತಲೇ ಮುಚ್ಚಿಟ್ಟಿದಾರಂತೆ. ಪತ್ರಿಕೇಲಿ ನನ್ನ ಹೆಸರು ಹಾಕ್ತಾರಂತೆ. ಕತೆ ಬರೆದವರಿಗೇ ಕಾಗದ ಬರೀತಾರಂತೆ."

ಕಾರ್ಲ್ ಪೆನ್ನು ತೆಗೆದಿದ್ದ. ನನ್ನ ತಮ್ಮನ ಹೆಸರಿನ ಸ್ಪೆಲ್ಲಿಂಗ್ ಕೇಳುತ್ತಿದ್ದ. ಪಕ್ಕದವರ ಪುಸ್ತಕದ ಕೊನೆಯ ಹಾಳೆ ಮಗುಚಿ ನೋಡಿದೆ: ಹಿಂಬದಿಯಲ್ಲಿ ಬೇರೊಂದು ನಕ್ಷೆ, ನಮ್ಮ ಕಣಿವೆ ದಾರಿ ಅಲ್ಲಿತ್ತು. ಇನ್ನು ಸುಮ್ಮನಿದ್ದರೆ ಆ ಹೆಸರು ಊರೂರು ತಿರುಗಿ ನಗೆಪಾಟಲಾಗುತ್ತದೆ. ನಾನು ಎದ್ದು ನಿಂತೆ. ಕನ್ನಡದಲ್ಲೇ ಎಲ್ಲವನ್ನೂ ಹೇಳಿದೆ, ಟವೆಲ್ಲಿನಿಂದ ಕಿಟಕಿಯವರೆಗೆ.

ನಾಗೇಶ ಕೈಯಲ್ಲಿ ಉಳಿದಿದ್ದ ನಕ್ಷೆಯನ್ನು ನಾಲ್ಕಾಗಿ ಮಡಚಿದ. "ಇದನ್ನೂ ಇಂಗ್ಲಿಷಲ್ಲಿ ಹೇಳ್ಬೇಕಾ ಅಕ್ಕ?"

"ಹೇಳು."

ಹೇಳಿದ. ಒಂದೊಂದು ವಾಕ್ಯಕ್ಕೂ ಅವನ ದನಿ ಒಂದೊಂದು ಮೆಟ್ಟಿಲು ಇಳಿಯಿತು. ನಿಪ್ಪಟ್ಟು ತಿನ್ನುತ್ತಿದ್ದ ಒಬ್ಬ ಕೈಯಲ್ಲಿದ್ದುದನ್ನು ತಿರುಗಿಸಿ, ಅದರ ಬೆನ್ನಲ್ಲೇನಾದರೂ ಊರಿನ ಹೆಸರಿದೆಯೇ ಎಂದು ನೋಡಿದ.

ಬೈಯುತ್ತಾರೆಂದು ಕಾದೆ. ಆದರೆ ಯಾರು ಯಾಕೆ ಏನು ಮಾಡಿದರೆಂದು ಹುಡುಕುವುದೇ ಆ ಜನರ ಚಾಳಿ. ರಾಣಿಯನ್ನು ಬಿಟ್ಟು ನನ್ನನ್ನು ಹಿಡಿದುಕೊಂಡರು. ಪರದೇಶದ ಭಯವೆಂದ ಕಾರ್ಲ್. ನನ್ನ ಮುದ್ದಿನ ತಮ್ಮನನ್ನು ಪುಸ್ತಕ ಕಸಿದುಕೊಂಡಿತೆಂಬ ಹೊಟ್ಟೆಕಿಚ್ಚೆಂದ ಇನ್ನೊಬ್ಬ. ಪೇಪರ್ ಟವೆಲ್ ಎಂದು ಎರಡು ಸಲ ಹೇಳಿಸಿದೆ. ಅದು ಮೇಲ್ನೋಟದ ಕಾರಣವಂತೆ. ಕೊನೆಗೆ ಡೊರೊತಿ ಮೆಲ್ಲಗೆ ಏನೋ ಹೇಳಿದಳು. ನಾಗೇಶ ಅದನ್ನು ಮಾತ್ರ ನನಗೆ ಕನ್ನಡದಲ್ಲಿ ಹೇಳಲಿಲ್ಲ.

ಕಾರಿನಲ್ಲಿ ಹೇಳಿದ. "ನನ್ನನ್ನ ನೋಡ್ಕೊಳ್ಳೋಕೆ ನೀನು ಶಾಲೆ ಬಿಟ್ಟಿದ್ದನ್ನ ಅವರಿಗೆಲ್ಲ ಹೇಳಿದ್ದೆ ಅಕ್ಕ. ಓದಿಸದೇ ಇದ್ದ ಸಿಟ್ಟು ಪುಸ್ತಕದ ಮೇಲೆ ತೀರಿಸ್ಕೊಂಡಿದಾಳೆ ಅಂದ್ರು ಡೊರೊತಿ. ನಿಜಾನಾ?"

ಈಗ ನಿಜ ಬರೆದುಬಿಡುತ್ತೇನೆ. ನಾನು ಆರನೆಯ ತರಗತಿಯಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲ, ನನ್ನ ಸೊಂಟದೆತ್ತರದ ಮಕ್ಕಳ ನಡುವೆ ಅದೇ ಬೆಂಚಿನಲ್ಲಿ ಕೂರಬೇಕಾಗಿದ್ದಾಗ ನಾಗೇಶ ಹುಟ್ಟಿದ. ಅಮ್ಮನಿಗೆ ನಿತ್ರಾಣ. "ತಮ್ಮನನ್ನ ನಾನು ನೋಡ್ಕೋತೀನಿ, ಶಾಲೆ ಬೇಡ," ಎಂದೆ. ಅಪ್ಪ ಕಣ್ಣೊರೆಸಿಕೊಂಡರು. ಅಂದಿನಿಂದ ನಾನು ತ್ಯಾಗಮಯಿ. ಪ್ರತಿ ಮದುವೆ ಮನೆಯಲ್ಲೂ ಯಾರಾದರೊಬ್ಬರು ಈ ಕತೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ನನ್ನ ವಿಮಾನದ ಟಿಕೆಟ್ಟೂ ಆ ಕತೆಯ ಮೇಲೆಯೇ ಬಂದದ್ದು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹತ್ತು ನಿಮಿಷದ ಹಿಂದೆ ಅಷ್ಟು ಜನರ ಮುಂದೆ ತಪ್ಪೊಪ್ಪಿಕೊಂಡು ಬಾಯಿ ಪಳಗಿತ್ತು. ಬಾಯಿ ತೆರೆದೆ. ಬಂದದ್ದು ನಿಟ್ಟುಸಿರು.

"ಆಗಿದ್ದು ಆಯ್ತು ಬಿಡೋ," ಎಂದೆ.

ನಾಗೇಶನ ಕಣ್ಣು ತುಂಬಿತು. ಅಲ್ಲೇ ಕಾರು ತಿರುಗಿಸಿ ಲೈಬ್ರರಿಗೆ ವಾಪಸು ಹೋದ. ಅಲ್ಲಿ ಪರದೇಶದವರಿಗಾಗಿ ನಡೆಯುವ ಇಂಗ್ಲಿಷ್ ಕ್ಲಾಸಿಗೆ ನನ್ನ ಹೆಸರು ಬರೆಸಿದ. ವಾರಕ್ಕೆ ಎರಡು ದಿನ, ಹೋಂವರ್ಕ್ ಬೇರೆ.

"ಮಗುವನ್ನು ಯಾರು ನೋಡ್ಕೋತಾರೆ?" ಎಂದು ಮನೆಗೆ ಬಂದು ಗೋಳಾಡಿದೆ.

"ನಾನು ನೋಡ್ಕೋತೀನಿ," ಎಂದಳು ಶೈಲಾ, ನನ್ನನ್ನೇ ದಿಟ್ಟಿಸಿ. "ನೀವು ಓದಿ ಅಕ್ಕ. ಎಷ್ಟು ವರ್ಷದ ಆಸೆ."

ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಎರಡನೆಯದರಲ್ಲೂ ಆದೆ. ಬಿಟ್ಟುಬಿಡೋಣವೆಂದರೆ, ಈ ಸಲ ನನಗಾಗಿ ಹುಟ್ಟಲು ಯಾವ ತಮ್ಮನೂ ಬಾಕಿಯಿರಲಿಲ್ಲ.